ಯಾವ ಮನೆಯಲ್ಲೂ ಯಾರೂ ಅಳಲಿಲ್ಲ

ಪೆಟ್ರಾ ಅಂತ ಒಂದು ಊರು. ಕೆಂಪು ಬಂಡೆಯನ್ನೇ ಕೊರೆದು ಗುಡಿ, ಗೋರಿ, ಮನೆ ಎಲ್ಲ ಮಾಡಿಕೊಂಡಿದ್ದ ಜನ.

ಅವರಿಗೆ ಅವರದೇ ಅರಸರಿದ್ದರು. ಕೊನೆಯ ಅರಸ ತೀರಿಕೊಂಡ, ರೋಮಿನ ಸೈನ್ಯ ಬಂತು. ಯುದ್ಧ ಅನ್ನುವಂಥದ್ದೇನೂ ನಡೆಯಲಿಲ್ಲ. ನೋಡನೋಡುತ್ತಲೇ ರಾಜ್ಯ ಹೋಗಿ 'ಅರೇಬಿಯಾ ಪ್ರಾಂತ್ಯ' ಅಂತಾಯಿತು. ಗೆದ್ದೆವು ಅಂತ ರೋಮಿನವರೂ ಹೇಳಿಕೊಳ್ಳಲಿಲ್ಲ. ಪಡೆದೆವು ಅಂದರು. ಯಾರೋ ಕರೆದು ಕೈಯಲ್ಲಿಟ್ಟ ಹಾಗೆ!

ಅದಾಗಿ ಇಪ್ಪತ್ತು ವರ್ಷಕ್ಕೆ ನಡೆದ ಸಂಗತಿ ಇದು.

ಆ ಊರಿನಲ್ಲಿ ಅಫ್ತಾ ಎಂಬ ಗುರುಗಳಿದ್ದರು. ಕಲ್ಲಿನಲ್ಲಿ ಅಕ್ಷರ ಕೆತ್ತುವುದನ್ನು ಕಲಿಸುವವರು. ಮಾತು ಕಡಿಮೆ, ಸಿಡುಕು ಜಾಸ್ತಿ. ಕಣ್ಣು ಮಂಜಾದ ಮೇಲೆ ಉಳಿ ಕೆಳಗಿಟ್ಟಿದ್ದರು.

ಅವರ ಬಳಿ ಉಳಿದಿದ್ದ ಶಿಷ್ಯ ಒಬ್ಬನೇ, ವಹಬು. ಹೆತ್ತವರಿಲ್ಲದೆ ಬಂದು ಅವರ ಮನೆಯಲ್ಲೇ ಬೆಳೆದವನು. ಈಗ ಅವನ ಗಡ್ಡವೂ ನರೆಯುತ್ತಿತ್ತು. ಅವನಂಥ ಕೈ ಆ ಸೀಮೆಯಲ್ಲೇ ಇನ್ನೊಂದಿರಲಿಲ್ಲ.

ಒಂದು ಬೆಳಿಗ್ಗೆ ವಹಬು ಏದುಸಿರು ಬಿಡುತ್ತಾ ಬಂದ.

"ಗುರುಗಳೇ, ಊರಬಾಗಿಲಿಗೆ ಶಾಸನ ಹಾಕಿಸ್ತಾರಂತೆ. ನಮ್ಮ ಪ್ರಾಂತ್ಯದ ಇತಿಹಾಸ! ಹನ್ನೆರಡು ಸಾಲು. ನಾನೇ ಕೆತ್ತಬೇಕು ಅಂತ ರೋಮಿನ ಅಧಿಪತಿಗಳ ಅಪ್ಪಣೆ."

"ಬರೆದವರು ಯಾರು?"

"ಅವರ ಕಚೇರಿಯವರು."

"ಹೂಂ. ಕೆತ್ತು ಹೋಗು."

ವಹಬು ಇಪ್ಪತ್ತು ದಿನ ಕೆತ್ತಿದ. ಊಟದ ನೆನಪಿಲ್ಲ, ಬಿಸಿಲಿನ ಪರಿವೆಯಿಲ್ಲ. ಹನ್ನೆರಡನೆಯ ಸಾಲು ಮುಗಿದ ದಿನ ಗುರುಗಳ ಕೈಹಿಡಿದು ಊರಬಾಗಿಲಿಗೆ ಕರೆತಂದ.

"ಒಂದು ಸಲ ನೋಡಿಬಿಡಿ ಗುರುಗಳೇ. ನಾಳೆ ಕಚೇರಿಯ ಅಧಿಕಾರಿ ನೋಡೋಕೆ ಬರ್ತಾರೆ."

ಗುರುಗಳು ಬೆರಳಿನಿಂದ ಓದುತ್ತಾ ಹೋದರು. ಒಂದೊಂದು ಅಕ್ಷರವನ್ನೂ ಸವರಿದರು.

"ಎಲ್ಲೂ ಅಂಚು ಒಡೆದಿಲ್ಲ," ಅಂದರು. "ನಾನು ಇಷ್ಟು ಚೆನ್ನಾಗಿ ಯಾವತ್ತೂ ಕೆತ್ತಿಲ್ಲ ಕಣೋ."

ಆ ಬಾಯಿಂದ ಹೊಗಳಿಕೆ ಬಂದದ್ದು ಅದೇ ಮೊದಲು. ವಹಬುವಿನ ಕಣ್ಣು ತುಂಬಿ ಬಂತು.

ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ಇದನ್ನು ಬಾಯಿಬಿಟ್ಟು ಓದು."

ವಹಬು ಓದಿದ. "ಈ ನಾಡು ರಕ್ತದ ಒಂದು ಹನಿಯೂ ಬೀಳದೆ ರೋಮಿನದಾಯಿತು. ಯಾವ ಮನೆಯಲ್ಲೂ ಯಾರೂ ಅಳಲಿಲ್ಲ."

"ನಿಜವೇನೋ?"

"ಯುದ್ಧ ಆಗಲೇ ಇಲ್ಲವಲ್ಲ ಗುರುಗಳೇ. ಆಗ ನನಗೆ ಹದಿನೆಂಟು. ಯಾರು ಅತ್ತಿದ್ದೂ ನಾನು ನೋಡಲಿಲ್ಲ."

"ಸೈನ್ಯ ಬಂದ ವಾರ ನೀನು ಎಲ್ಲಿದ್ದೆ?"

ವಹಬು ನೆನಪು ಮಾಡಿಕೊಂಡ. "ಗಣಿಗೆ ಕಳಿಸಿದ್ರಿ. ಎರಡು ದಿನದ ದಾರಿ. ಗುಡಿಯ ಕಂಬಕ್ಕೆ ಕಲ್ಲು ಆರಿಸಿಕೊಂಡು ಬಾ ಅಂದಿರಿ."

"ಆ ಕಂಬ ಎಲ್ಲಿದೆ?"

ಅಂಥ ಕಂಬವನ್ನು ಯಾರೂ ನಿಲ್ಲಿಸಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವನಿಗೆ ಅದು ಹೊಳೆದಿರಲಿಲ್ಲ.

"ನಡಿ," ಅಂದರು ಗುರುಗಳು.

ಊರಾಚೆ ಕಣಿವೆಯೊಂದಿದೆ. ಅದರ ಗೋಡೆಯ ತುಂಬ ಮೊಳದುದ್ದದ, ತುದಿ ಚೂಪಾದ ಕಲ್ಲಿನ ಉಬ್ಬುಗಳು. ಕೆಳಗೆ ಒಂದೊಂದು ಹೆಸರು. ದೂರದ ದೇಶದಲ್ಲಿ ಸತ್ತು, ದೇಹ ಮನೆಗೆ ಬಾರದವರಿಗೆ ಆ ಜನ ಹೀಗೆ ಕೆತ್ತುತ್ತಿದ್ದರು. ಉಸಿರುಗಲ್ಲು ಅಂತ ಕರೆಯುತ್ತಿದ್ದರು. ದೇಹ ಎಲ್ಲೇ ಮಣ್ಣಾಗಲಿ, ಉಸಿರು ಮಾತ್ರ ಇಲ್ಲಿಗೆ ಬರುತ್ತದೆ ಅಂತ ನಂಬಿಕೆ.

ಗುರುಗಳಿಗೆ ಅಲ್ಲಿ ಕಣ್ಣು ಬೇಕಾಗಲಿಲ್ಲ. ನೇರವಾಗಿ ಹೋಗಿ ಒಂದು ಕಲ್ಲಿನ ಮೇಲೆ ಕೈಯಿಟ್ಟರು. ಅದರ ಕೆಳಗೆ ಹೆಸರಿರಲಿಲ್ಲ. ಸವರಿ ಸವರಿ ಕಲ್ಲು ನುಣ್ಣಗಾಗಿತ್ತು.

"ಇದು ಯಾರದು ಗುರುಗಳೇ?"

"ಯಾಮ್ಲಿಕುದು."

ಯಾಮ್ಲಿಕು ಗುರುಗಳ ಒಬ್ಬನೇ ಮಗ. ವಹಬುವಿನ ಓರಗೆಯವನು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದಿದ್ದರು.

"ಯಾಮ್ಲಿಕು ಸತ್ತುಹೋದನೇ?"

"ಹದಿನಾಲ್ಕು ವರ್ಷವಾಯಿತು. ಯಾವುದೋ ನದಿ ದಡದಲ್ಲಂತೆ. ಅಲ್ಲಿ ನೀರು ಹೆಪ್ಪುಗಟ್ಟುತ್ತದಂತೆ. ಅವನ ದಳದಲ್ಲಿದ್ದವನೊಬ್ಬ ಊರಿಗೆ ಬಂದಾಗ ಹೇಳಿ ಹೋದ. ಆಕಾರ ನಾನೇ ಕೊಟ್ಟೆ. ಹೆಸರು ಹಾಕೋಣ ಅಂದರೆ ಕೈ ಏಳಲಿಲ್ಲ."

"ನನಗೆ ಹೇಳಲೇ ಇಲ್ಲವಲ್ಲ!" ವಹಬುವಿಗೆ ಸಿಟ್ಟು ಬಂತು. "ಒಂದು ಮಾತೂ ಹೇಳದೆ ರೋಮಿನ ಸೈನ್ಯ ಸೇರಿಕೊಂಡ ಅಂತ ಇಷ್ಟು ವರ್ಷ ಅವನನ್ನು ಬೈಕೊಂಡೇ ಬದುಕಿದ್ದೇನೆ ಗುರುಗಳೇ. ಸತ್ತವನನ್ನು ಬೈಯೋ ಹಾಗೆ ಮಾಡಿದಿರಿ."

"ಅವನಾಗಿ ಸೇರಲಿಲ್ಲ ಕಣೋ. ಮನೆಗೊಬ್ಬ ಗಂಡಾಳು ಕೊಡಿ ಅಂದರು ರೋಮಿನವರು. ತಾವಾಗಿ ಸೇರಿದರು ಅಂತಲೇ ಹೇಳಬೇಕು, ಇಲ್ಲದಿದ್ದರೆ ಇನ್ನೊಬ್ಬನನ್ನೂ ಒಯ್ತೀವಿ ಅಂತ ಹೆದರಿಸಿದರು. ಯಾರನ್ನು ಅಂತ ಮನೆಯವರೇ ಹೇಳಬೇಕು. ನನ್ನ ಮನೆಯಲ್ಲಿ ಇಬ್ಬರಿದ್ದಿರಿ."

ವಹಬು ಬಂಡೆಗೆ ಒರಗಿಕೊಂಡ.

"ಪಟ್ಟಿ ಬರೆಯೋನು ಬಾಗಿಲಲ್ಲಿ ನಿಂತಿದ್ದ. ಯಾಮ್ಲಿಕು ನನ್ನ ಮುಖ ನೋಡಿದ. ನಾನು ಅವನ ಹೆಸರು ಹೇಳಿದೆ. ನೀನು ಇದ್ದಿದ್ದರೆ ನೀನೇ ಹೋಗ್ತೀನಿ ಅಂತಿದ್ದೆ. ಅದಕ್ಕೇ ಗಣಿಗೆ ಅಟ್ಟಿದ್ದು."

"ಅಮ್ಮ?"

"ಮೂರು ದಿನ ಒಲೆ ಹಚ್ಚಲಿಲ್ಲ."

ವಹಬುವಿಗೆ ಈಗ ನೆನಪಾಯಿತು. ಗಣಿಯಿಂದ ಬಂದ ದಿನ ಮನೆ ತಣ್ಣಗಿತ್ತು. ಜ್ವರ ಕಣಪ್ಪ ಅಂದಿದ್ದಳು ಯಾಮ್ಲಿಕುವಿನ ತಾಯಿ. ಒಣಗಿದ ಖರ್ಜೂರ ತಂದು ಅವನ ಮುಂದಿಟ್ಟು, ಪೂರ್ತಿ ತಿನ್ನುವ ತನಕ ಕೂತು ನೋಡಿದ್ದಳು. ಆಮೇಲೆ ಬದುಕಿದ್ದ ಏಳು ವರ್ಷವೂ ಅವನಿಗೆ ಬಡಿಸಿದ್ದಳು. ಒಂದು ದಿನ, ಒಂದೇ ಒಂದು ದಿನ, ಕೊಂಕು ಮಾತಾಡಿರಲಿಲ್ಲ. ವಹಬು ಕಣಿವೆಯ ಗೋಡೆಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ.

"ಮಗನನ್ನು ಕೊಟ್ಟು ನನ್ನನ್ನು ಯಾಕೆ ಉಳಿಸಿಕೊಂಡಿರಿ?"

"ಉಳಿ ಹಿಡಿದರೆ ಅವನ ಕೈ ನಡುಗುತ್ತಿತ್ತು. ನಿನ್ನದು ನಡುಗುತ್ತಿರಲಿಲ್ಲ," ಅಂದರು ಗುರುಗಳು. "ರಾಜ್ಯ ಅಂತೂ ಹೋಯಿತು. ಏನಾಯಿತು ಅಂತ ಕಲ್ಲಿಗೆ ಹಾಕೋದಕ್ಕೆ ಒಂದು ಒಳ್ಳೆ ಕೈಯಾದರೂ ಈ ಊರಲ್ಲಿ ಇರಲಿ ಅಂದುಕೊಂಡೆ."

ಆ ಕೊನೆಯ ಸಾಲನ್ನು ಅಳಿಸು ಅನ್ನಲಿಲ್ಲ, ಬಿಡು ಅನ್ನಲಿಲ್ಲ.

ವಹಬು ಗುರುಗಳನ್ನು ಮನೆಗೆ ಬಿಟ್ಟು ಊರಬಾಗಿಲಿಗೆ ಹೋದ. ಇಪ್ಪತ್ತು ದಿನದ ಕೆಲಸವನ್ನು ಒಮ್ಮೆ ಕಣ್ತುಂಬ ನೋಡಿದ. ಆಮೇಲೆ ಉಳಿ ಇಟ್ಟು ಕೊನೆಯ ಸಾಲನ್ನು ಕೆತ್ತಿ ಎಸೆದ. ಒಂದಕ್ಷರವೂ ಉಳಿಯಲಿಲ್ಲ.

ಮಾರನೆಯ ದಿನ ಅಧಿಕಾರಿ ಬಂದ. ಕೆಟ್ಟವನೇನಲ್ಲ, ವಹಬುವಿನ ಕೆಲಸವನ್ನು ಮೆಚ್ಚಿ ಅಪ್ಪಣೆ ಕೊಡಿಸಿದವನೇ ಅವನು. ಹಳ್ಳ ಬಿದ್ದ ಕಲ್ಲನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಯಾರು ಮಾಡಿದ್ದು ಇದು?"

"ನಾನೇ."

"ಹುಚ್ಚು ಹಿಡಿದಿದೆಯಾ ನಿನಗೆ? ಇವತ್ತೇ ಕೂತು ಮತ್ತೆ ಕೆತ್ತಿಬಿಡು. ನಾನು ನೋಡಿಲ್ಲ ಅಂದುಕೋತೀನಿ."

"ಆಗೋದಿಲ್ಲ ಸ್ವಾಮಿ. ನಮ್ಮ ಮನೆಯಲ್ಲಿ ಅತ್ತಿದ್ದಾರೆ."

"ಒಂದು ಸಾಲಿಗಾಗಿ ಕಸುಬನ್ನೇ ಕಳೆದುಕೊಳ್ತೀಯಲ್ಲಯ್ಯ."

"ಕಳೆದುಕೊಳ್ತೀನಿ."

ಹಾಗೇ ಆಯಿತು. ವಹಬು ಇನ್ನು ಮುಂದೆ ಪ್ರಾಂತ್ಯದ ಯಾವ ಕಟ್ಟಡದ ಕಲ್ಲನ್ನೂ ಮುಟ್ಟಕೂಡದು ಅಂತ ಆಜ್ಞೆ ಬಂತು. ಉತ್ತರದಿಂದ ಬೇರೊಬ್ಬನನ್ನು ಕರೆಸಿದರು. ಹತ್ತು ದಿನದಲ್ಲಿ ಹೊಸ ಕಲ್ಲು ನಿಂತಿತು, ಹನ್ನೆರಡೂ ಸಾಲು ಸಮೇತ. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ. ಓದುವವರಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ ಬಿಡಿ.

ವಹಬು ಗುರುಗಳಿಗೆ ಎಲ್ಲ ಹೇಳಿದ. ಅವರು ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕಣಿವೆಗೆ ಹೋಗೋಣ ಗುರುಗಳೇ," ಅಂದ ವಹಬು. "ಯಾಮ್ಲಿಕುವಿನ ಹೆಸರು ನಾನು ಹಾಕ್ತೀನಿ."

ಇಬ್ಬರೂ ಹೋದರು. ವಹಬು ಮಂಡಿಯೂರಿ ಕೂತು ಕೆತ್ತಿದ. ಗುರುಗಳು ಪಕ್ಕದಲ್ಲಿ ಕೂತು ಉಳಿಯ ಸದ್ದು ಕೇಳುತ್ತಿದ್ದರು.

'ಯಾಮ್ಲಿಕು, ಅಫ್ತಾನ ಮಗ. ಇವನ ನೆನಪು ಇರಲಿ.'

ಉಸಿರುಗಲ್ಲಿನ ಕೆಳಗೆ ಅದನ್ನು ಮಾಡಿಸಿದವರ ಹೆಸರನ್ನೂ ಹಾಕುವುದು ಆ ಊರಿನ ಪದ್ಧತಿ. ವಹಬು ಕಲ್ಲಿನ ಪುಡಿ ಊದಿ, ಕೇಳಿದ.

"ಮಾಡಿಸಿದವನು ತಂದೆ ಅಫ್ತಾ ಅಂತ ಹಾಕಲೇ ಗುರುಗಳೇ?"

ಗುರುಗಳು ಮುಂದೆ ಬಾಗಿ ಮಗನ ಹೆಸರನ್ನು ಬೆರಳಿನಿಂದ ಓದಿದರು. ಇನ್ನೊಮ್ಮೆ ಓದಿದರು. ಅವರ ಗಲ್ಲದ ಮೇಲೆ ನೀರಿಳಿಯುತ್ತಿತ್ತು.

"ಮಾಡಿಸಿದವನು ಅಂತ ಬೇಡ ಮಗು. ಕಳಿಸಿದವನು ಅಂತ ಹಾಕು."