ಹೊಗೆ ಕಾನೂನಿನ ಕೊನೆಯ ಸಾಲು

ಹಿರೇಗಡದಲ್ಲಿ ಯುದ್ಧ ಮುಗಿದು ನಲವತ್ತು ವರ್ಷ ಕಳೆದಿತ್ತು. ಯುದ್ಧಕಾಲದ ಕಾನೂನುಗಳು ಮಾತ್ರ ಹಾಗೇ ಉಳಿದಿದ್ದವು. ಅವುಗಳಲ್ಲಿ ಒಂದಕ್ಕೆ ಜನ ಹೊಗೆ ಕಾನೂನು ಅನ್ನುತ್ತಿದ್ದರು. ಊರು ಎಲ್ಲಿದೆ ಎಂಬುದು ಶತ್ರುವಿಗೆ ತಿಳಿಯಬಾರದೆಂದು ಹಿಂದಿನ ರಾಜರು ಮಾಡಿದ್ದು. ಕೋಟೆಯ ಸುತ್ತ ಒಂದು ಹರದಾರಿಯೊಳಗೆ ದೊಡ್ಡ ಬೆಂಕಿ ಹಾಕಬೇಕಾದರೆ ಕೋಟೆಯ ಅಧಿಕಾರಿಯಾದ ಕಿಲ್ಲೇದಾರನ ಚೀಟಿ ಬೇಕು. ಚೀಟಿ ಇಲ್ಲದೆ ಹೊಗೆ ಎದ್ದರೆ ವಿಚಾರಣೆ ಇಲ್ಲದೆ ಕೋಟೆಯಲ್ಲಿ ಕೂಡಿಹಾಕಬಹುದು.

ಕುಂಬಾರಗೇರಿಯ ಸಂಕಮ್ಮನಿಗೆ ಈ ಕಾನೂನು ಚೆನ್ನಾಗಿ ಗೊತ್ತಿತ್ತು. ಆರು ವರ್ಷದ ಹಿಂದೆ ಅವಳ ಗಂಡ ಬೊಮ್ಮಣ್ಣ ಕಿಲ್ಲೇದಾರನ ಮನೆಗೆ ಎರಡು ಹಂಡೆ ಬಿಟ್ಟಿ ಕೊಡಲು ಒಪ್ಪಿರಲಿಲ್ಲ. ಮಾರನೆಯ ದಿನವೇ ಅವನು ಮಡಕೆ ಸುಡುವ ಆವಿಗೆಯ ಹೊಗೆ ಕಾನೂನುಬಾಹಿರವಾಯಿತು. ಒಂದು ಮಳೆಗಾಲವೆಲ್ಲ ಕೋಟೆಯಲ್ಲಿದ್ದು ಬಂದವನು ಆಮೇಲೆ ಯಾರ ಜೊತೆಗೂ ಏರುದನಿಯಲ್ಲಿ ಮಾತಾಡಲಿಲ್ಲ.

ಹೀಗಿರುವಾಗ ಹೊಸ ರಾಜ ಪಟ್ಟಕ್ಕೆ ಬಂದ. ಬಂದ ವರ್ಷವೇ ಹಳೆಯ ಯುದ್ಧದ ಕಾನೂನುಗಳನ್ನೆಲ್ಲ ತೆಗೆದುಹಾಕಿ ಎಂದ. ಆಜ್ಞೆಯನ್ನು ಓದಿ ಹೇಳಲು ದಿವಾನ ಗುರುಶಾಂತಯ್ಯನವರೇ ಹಿರೇಗಡದ ಚಾವಡಿಗೆ ಬಂದರು. ಹನ್ನೊಂದು ಕಾನೂನುಗಳ ಹೆಸರು ಓದಿದರು. ಹೊಗೆ ಕಾನೂನು ಏಳನೆಯದು. ಜನ ಎದ್ದು ನಿಂತು ಕೈಮುಗಿದರು. ಬೆಲ್ಲ ಹಂಚಿದರು.

ಸಂಕಮ್ಮ ಬೆಲ್ಲ ಬಾಯಿಗೆ ಹಾಕಲಿಲ್ಲ. ಅವಳ ಕಣ್ಣು ಕಿಲ್ಲೇದಾರನ ಮೇಲಿತ್ತು. ಈ ಕಾನೂನು ಹೋದರೆ ಎಲ್ಲರಿಗಿಂತ ಹೆಚ್ಚು ನಷ್ಟ ಅವನಿಗೆ. ಅವನೋ ಕಂಬಕ್ಕೆ ಒರಗಿ, ಎಲೆ ಅಡಿಕೆ ಜಗಿಯುತ್ತ, ಆರಾಮಾಗಿ ನಗುತ್ತಿದ್ದ.

‘ಇದರಲ್ಲಿ ಏನೋ ಇದೆ’ ಅಂದುಕೊಂಡಳು. ದಿವಾನರ ಮೇಲೂ ಅವಳಿಗೆ ಅನುಮಾನ ಬಂತು. ಇಬ್ಬರೂ ಸೇರಿ ಬೆಲ್ಲ ತಿನ್ನಿಸಿ ಊರಿಗೆ ಮೋಸ ಮಾಡುತ್ತಿರಬಹುದೇ?

"ಬುದ್ಧೀ, ಕಾಗದ ಇನ್ನೂ ಉದ್ದ ಇದ್ದ ಹಾಗಿದೆ. ಪೂರ್ತಿ ಓದಿಬಿಡಿ" ಅಂದಳು.

"ಉಳಿದದ್ದು ಕಚೇರಿ ಮಾತು ಕಣಮ್ಮ. ಎಲ್ಲ ಆಜ್ಞೆಯಲ್ಲೂ ಇರುವಂಥದ್ದೇ" ಅಂದರು ದಿವಾನರು.

"ನನಗೆ ಓದು ಬರಲ್ಲ. ಅದಕ್ಕೇ ಕೇಳ್ತಿದ್ದೀನಿ."

ಪಕ್ಕದವರು ಸೆರಗು ಜಗ್ಗಿದರು. ಅವಳು ಕೂರಲಿಲ್ಲ. ದಿವಾನರು ಬೇಸರದಿಂದಲೇ ಕಾಗದ ಬಿಚ್ಚಿ ಓದತೊಡಗಿದರು. ಕೊನೆಯ ಸಾಲಿಗೆ ಬಂದಾಗ ಅವರ ದನಿ ನಿಧಾನವಾಯಿತು.

"ಸದರಿ ಕಾನೂನುಗಳ ಮೇರೆಗೆ ಕಿಲ್ಲೇದಾರರು ಈವರೆಗೆ ಹೊರಡಿಸಿರುವ ಹುಕುಂಗಳೆಲ್ಲ ಮುಂದೆಯೂ ಜಾರಿಯಲ್ಲಿರತಕ್ಕದ್ದು."

ಚೀಟಿ ಕೇಳುವುದೂ ಹುಕುಮೇ, ಕೂಡಿಹಾಕುವುದೂ ಹುಕುಮೇ. ಹಾಗಾದರೆ ಹೋದದ್ದು ಕಾನೂನಿನ ಹೆಸರು ಮಾತ್ರ.

ದಿವಾನರ ಮುಖ ಕೆಂಪಗಾಯಿತು. ಜೊತೆಗೆ ಬಂದಿದ್ದ ಕರಣಿಕ ಭುಜಂಗರಾಯನನ್ನು ಕರೆದು, "ಈ ಸಾಲು ಬರೆಯಲು ಯಾರು ಹೇಳಿದರು?" ಎಂದು ಕೇಳಿದರು.

ಮುದುಕ ಗಾಬರಿಯಾದ. "ಯಾರೂ ಹೇಳಲಿಲ್ಲ ಸ್ವಾಮಿ. ಮೂವತ್ತು ವರ್ಷದಿಂದ ಪ್ರತಿ ಆಜ್ಞೆಯನ್ನೂ ಹೀಗೇ ಮುಗಿಸಿದ್ದೇನೆ, ಅದು ಕಿಲ್ಲೇದಾರರಿಗೂ ಗೊತ್ತು. ಕೈಗೆ ರೂಢಿಯಾಗಿದೆ."

ಕಿಲ್ಲೇದಾರ ಮುಂದೆ ಬಂದ. "ಇದ್ದರೆ ಇರಲಿ ಬಿಡಿ ದಿವಾನರೇ. ಮಲಗಿರುವ ಕಾನೂನು ಅದು. ಅದರಡಿ ಈಗ ಯಾರೂ ಒಳಗಿಲ್ಲ. ನಾಳೆ ಯುದ್ಧ ಬಂದರೆ ಬೇಕಾದೀತು."

"ನನ್ನ ಗಂಡನ್ನ ಎಳಕೊಂಡು ಹೋದಾಗ ಯಾವ ಯುದ್ಧ ಇತ್ತು ಬುದ್ಧಿ?" ಅಂದಳು ಸಂಕಮ್ಮ.

ದಿವಾನರು ಕಾಗದ ಮಡಚಿದರು. ರಾಜಮುದ್ರೆ ಬಿದ್ದ ಆಜ್ಞೆಯಲ್ಲಿ ಒಂದಕ್ಷರ ಹೊಡೆದುಹಾಕುವುದಕ್ಕೂ ಅವರಿಗೆ ಅಧಿಕಾರವಿರಲಿಲ್ಲ. ಅದನ್ನು ವಾಪಸು ತೆಗೆದುಕೊಂಡು ರಾಜಧಾನಿಗೆ ಹೊರಟರು.

ಆಮೇಲಿನ ಎಂಟು ದಿನ ಸಂಕಮ್ಮನಿಗೆ ಕಷ್ಟದ ದಿನಗಳು. "ಮನೆ ಬಾಗಿಲಿಗೆ ಬಂದ ಒಳ್ಳೆಯದನ್ನ ವಾಪಸು ಕಳಿಸಿದಳು" ಎಂದು ಕೇರಿಯವರೇ ಮುಖ ತಿರುಗಿಸಿದರು. ಕಿಲ್ಲೇದಾರನ ಆಳು ದಿನಕ್ಕೆರಡು ಸಲ ಬಂದು ಆವಿಗೆಯ ಬೂದಿಯನ್ನು ಮುಟ್ಟಿ ನೋಡಿ ಹೋಗುತ್ತಿದ್ದ. ದಿವಾನರು ಬರುವುದೇ ಇಲ್ಲವೇನೋ, ಕಾಗದ ಒಯ್ದದ್ದೇ ಒಂದು ನಾಟಕವೇನೋ ಎಂದು ಅವಳಿಗೆ ಅನ್ನಿಸತೊಡಗಿತು.

"ನಾನು ತಪ್ಪು ಮಾಡಿದೆನಾ?" ಎಂದು ಗಂಡನನ್ನು ಕೇಳಿದಳು.

ಬೊಮ್ಮಣ್ಣ ಮಣ್ಣು ತುಳಿಯುತ್ತಿದ್ದ. "ನನ್ನ ಹಿಡಿದಾಗ ಅವರ ಕೈಯಲ್ಲೂ ಒಂದು ಕಾಗದ ಇತ್ತು. ಅದನ್ನ ಓದಿ ಅಂತ ಯಾರೂ ಕೇಳಲಿಲ್ಲ" ಅಂದ.

ಒಂಬತ್ತನೆಯ ದಿನ ದಿವಾನರು ಬಂದರು. ಈ ಸಲ ಮೊದಲಿನಿಂದ ಕೊನೆಯವರೆಗೆ, ಒಂದು ಪದವೂ ಬಿಡದೆ ಓದಿದರು. ಕೊನೆಯ ಸಾಲು ಬದಲಾಗಿತ್ತು. ಕಾನೂನಿನ ಜೊತೆಗೆ ಅದರಡಿಯ ಹುಕುಂಗಳೂ ರದ್ದು. ಆ ಹುಕುಂಗಳಿಂದ ಬಂಧನದಲ್ಲಿರುವವರನ್ನು ಇಂದೇ ಬಿಡತಕ್ಕದ್ದು.

"ಒಳಗೆ ಯಾರೂ ಇಲ್ಲ ಅಂದೆನಲ್ಲ" ಎಂದ ಕಿಲ್ಲೇದಾರ. ಈಗ ಅವನು ನಗುತ್ತಿರಲಿಲ್ಲ.

ದಿವಾನರು ತಾವೇ ಹೋಗಿ ಕೋಟೆಯ ಬಾಗಿಲು ತೆಗೆಸಿದರು. ನಾಲ್ಕು ಜನ ಹೊರಗೆ ಬಂದರು. ಇಬ್ಬರು ದೂರದ ಹಳ್ಳಿಯಿಂದ ಇಲ್ಲಿಗೆ ಸುಣ್ಣ ಸುಡಲು ಬಂದಿದ್ದವರು, ಒಬ್ಬ ಇದ್ದಿಲಿನವನು. ನಾಲ್ಕನೆಯವನಿಗೆ ತಾನು ಯಾವ ತಪ್ಪಿಗೆ ಒಳಗಿದ್ದೆ ಎಂಬುದೇ ಗೊತ್ತಿರಲಿಲ್ಲ. ದಿವಾನರು ಅಲ್ಲಿಯೇ ಕಿಲ್ಲೇದಾರನ ಸೊಂಟದಿಂದ ಬೀಗದ ಕೈ ಬಿಚ್ಚಿಸಿದರು.

ಸಂಕಮ್ಮ ದಿವಾನರ ಹತ್ತಿರ ಹೋದಳು. "ಬುದ್ಧೀ, ಅವತ್ತು ನಿಮ್ಮ ಮೇಲೂ ಅನುಮಾನ ಪಟ್ಟಿದ್ದೆ. ಅದು ತಪ್ಪು."

ದಿವಾನರು ಆ ನಾಲ್ವರನ್ನು ನೋಡುತ್ತಿದ್ದರು. "ಓದದೆ ತಂದವನು ನಾನು. ಇನ್ನು ಮುಂದೆಯೂ ಅನುಮಾನ ಪಡಮ್ಮ" ಅಂದರು.

ನೀತಿ: ಯಾರೂ ಬಳಸುತ್ತಿಲ್ಲ ಎಂದ ಮಾತ್ರಕ್ಕೆ ಕೆಟ್ಟ ಕಾನೂನು ಸತ್ತಿದೆ ಎಂದು ನಂಬಬೇಡಿ. ಅದನ್ನು ತೆಗೆದೆವು ಎಂದು ಹೇಳಿದಾಗಲೂ ಕೊನೆಯ ಸಾಲಿನವರೆಗೆ ಓದಿಸಿ ಕೇಳಿ. ಹಾಗೆ ಕೇಳುವುದು ಯಾರಿಗೂ ಮಾಡುವ ಅವಮಾನವಲ್ಲ.