ಹೇಳದೆ ಉಳಿದ ಕುಲ

ಅಮೆರಿಕದ ಮಾರ್ಮನ್ ಪಂಥದಲ್ಲಿ ಒಂದು ಪದ್ಧತಿಯುಂಟು. ಹಿರಿಯ ಗುರುವೊಬ್ಬರು ಭಕ್ತನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಯ ಮೇಲೆ ಎರಡೂ ಕೈಯಿಟ್ಟು ಹರಸುತ್ತಾರೆ. ಇಸ್ರಾಯೇಲಿನ ಕುಲಗಳಲ್ಲಿ ಅವನದು ಯಾವುದೆಂದು ಹೇಳುತ್ತಾರೆ.

ನದಿಯ ದಡದ ತಮ್ಮ ಮನೆಯಲ್ಲಿ ಗುರು ಆರ್ಸನ್ ಅಂದು ಟೋಬಿಯಾಸನನ್ನು ಹರಸಿದರು.

"ನೀನು ಎಫ್ರಾಯೀಮನ ಕುಲದವನು," ಎಂದು ಹೇಳಿ, ದಣಿದು ಕಿಟಕಿಯ ಬಳಿ ಕೂತರು.

ಶಿಷ್ಯ ಕುರ್ಚಿಯಿಂದ ಎದ್ದ. ಅವನ ಕಪ್ಪು ಮುಖದಲ್ಲಿ ಸಂತೋಷವಿರಲಿಲ್ಲ.

"ಗುರುಗಳೇ, ಇದೇ ಕುರ್ಚಿಯಲ್ಲಿ ನನ್ನ ತಂದೆಯೂ ಕೂತಿದ್ದರು."

"ಕೂತಿದ್ದ."

"ನೀವು ಹರಸಿದಿರಿ. ಕುಲ ಮಾತ್ರ ಹೇಳಲಿಲ್ಲ."

"ಹೇಳಲಿಲ್ಲ. ಕಪ್ಪು ಜನರು ತಮ್ಮನನ್ನೇ ಕೊಂದ ಕಾಯಿನನ ಸಂತತಿ, ಅವರದು ಶಾಪದ ರಕ್ತ ಎಂದು ಆಗ ಬೋಧಿಸುತ್ತಿದ್ದೆವು. ಅವರಿಗೆ ಯಾಜಕ ಪದವಿಯೂ ಇರಲಿಲ್ಲ. ಆಮೇಲೆ ಆ ಕಟ್ಟಳೆ ಹೋಯಿತು. ಆ ಬೋಧನೆಯನ್ನೂ ಬಿಟ್ಟೆವು."

"ಅಂದರೆ ಅಪ್ಪ ಕಾಯಿನನ ವಂಶ, ಮಗ ಎಫ್ರಾಯೀಮನ ವಂಶ. ಅಪ್ಪ-ಮಗನ ರಕ್ತ ಬೇರೆ ಬೇರೆ ಎಂದು ಅಮ್ಮನೆದುರು ಅಂದರೆ ನನ್ನ ಕೆನ್ನೆಗೆ ಬಿಗಿಯುತ್ತಾಳೆ."

ಗುರು ನಗಲಿಲ್ಲ.

ಟೋಬಿಯಾಸನ ತಂದೆ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಪ್ರಾರ್ಥನಾ ಮಂದಿರದ ಒಲೆಗೆ ಸೌದೆ ಹಾಕಿ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಪವಿತ್ರ ರೊಟ್ಟಿಯನ್ನು ಹಂಚಲು ಮಾತ್ರ ಅವರ ಕೈ ಸಲ್ಲುತ್ತಿರಲಿಲ್ಲ. ಸಾಯುವ ಮುನ್ನ ಮಗನನ್ನು ಹತ್ತಿರ ಕರೆದು, "ಗುರುಗಳು ನನ್ನ ಕುಲ ಹೇಳಲೇ ಇಲ್ಲ ನೋಡು. ಮರೆತಿರಬೇಕು, ಪಾಪ. ಒಮ್ಮೆ ಕೇಳು," ಎಂದಿದ್ದರು.

"ಗುರುಗಳೇ, ಸತ್ತವರ ಪರವಾಗಿ ನಾವು ದೀಕ್ಷಾಸ್ನಾನ ಮಾಡುತ್ತೇವೆ. ಅಪ್ಪನಿಗೆ ಅದು ಬದುಕಿದ್ದಾಗಲೇ ಆಗಿತ್ತು. ಅವರಿಗೆ ಸಿಗದ ಯಾಜಕ ಪದವಿಯನ್ನು ಅವರ ಹೆಸರಿನಲ್ಲಿ ನಾನು ಪಡೆದೆ. ಈಗ ಮತ್ತೆ ಕೂರುತ್ತೇನೆ. ಅವರ ಹೆಸರು ಹಿಡಿದು ಕೈಯಿಡಿ. ಅವರ ಕುಲ ಹೇಳಿ."

"ಅದು ಆಗದು."

"ಮತ್ತೆ ಶಾಪವೇ?"

"ಶಾಪವಲ್ಲ. ಉಳಿದದ್ದೆಲ್ಲ ಸತ್ತವರಿಗೂ ಸಲ್ಲುತ್ತದೆ. ಈ ಆಶೀರ್ವಾದ ಬದುಕಿರುವ ತಲೆಗೆ ಮಾತ್ರ."

"ಹಾಗಾದರೆ ಅಪ್ಪನಿಗೆ ಯಾವಾಗ ಹೇಳುತ್ತೀರಿ?"

ಗುರು ಎದ್ದರು. ಖಾಲಿ ಕುರ್ಚಿಯ ಹಿಂದೆ ಹೋಗಿ ನಿಂತು ಎರಡೂ ಕೈ ಚಾಚಿದರು. ಕೈಗಳ ಕೆಳಗೆ ಏನೂ ಇರಲಿಲ್ಲ.

ಟೋಬಿಯಾಸ ಕಾದ. ಹೊರಗೆ ನದಿಯ ಸದ್ದು ಕೇಳುತ್ತಿತ್ತು. ಗುರು ಚಾಚಿದ ಕೈಗಳನ್ನು ಇಳಿಸಲಿಲ್ಲ.

"ಇಷ್ಟೇ ಎತ್ತರಕ್ಕಿತ್ತು ನಿನ್ನಪ್ಪನ ತಲೆ," ಎಂದರು ಗುರು. "ಅಂದು ಬೆಚ್ಚಗಿತ್ತು."