ಕೆಲಸ ಕಳಕೊಂಡ ಕಿರುಬೆರಳು

ವೆಬ್‌ಸೈಟ್ ಮಾಡುವ ನಾಗವೇಣಿ ಅಂತ ಒಬ್ಬಳಿದ್ದಳು, ಮಕ್ಕಳೇ. ಅವಳ ಹಳೇ ಕಂಪ್ಯೂಟರಿನಲ್ಲಿ ಎಡಗೈ ಕಿರುಬೆರಳಿನದೇ ಯಜಮಾನಿಕೆ. ಅದು ಕೀಲಿಮಣೆಯ ಮೂಲೆಯ ಗುಂಡಿಯನ್ನು ಒತ್ತಿ ಹಿಡಿದರೆ ತಾನೇ ಬರೆದದ್ದು ನಕಲಾಗುವುದು, ಅಳಿಸಿದ್ದು ವಾಪಸ್ಸು ಬರುವುದು! ಆಮೇಲೆ ಅವಳು ಬೇರೆ ತರದ ಕಂಪ್ಯೂಟರು ಕೊಂಡಳು. ಅದರಲ್ಲಿ ಆ ಗುಂಡಿ ಇದ್ದದ್ದು ಮೂಲೆಯಲ್ಲಲ್ಲ, ಹೆಬ್ಬೆರಳಿನ ಪಕ್ಕದಲ್ಲಿ. ಆ ಕೆಲಸವೆಲ್ಲ ಹೆಬ್ಬೆರಳಿನ ಪಾಲಾಯಿತು.

"ಪದಗಳ ನಡುವೆ ಜಾಗ ಬಿಡುವುದು ಬಿಟ್ಟರೆ ನಿನಗೇನು ಬರುತ್ತದೆ, ದಪ್ಪಣ್ಣಾ?" ಎಂದಿತು ಕಿರುಬೆರಳು.

"ಕಲಿಯುತ್ತಿದ್ದೇನೆ ತಮ್ಮಾ. ನೀನು ಸ್ವಲ್ಪ ಸುಮ್ಮನಿರು."

"ಸುಮ್ಮನಿರುವುದಾದರೆ ನಾನು ಯಾಕಿರಬೇಕು?"

ಅದು ಸುಮ್ಮನಿರಲೂ ಇಲ್ಲ. ಹೆಬ್ಬೆರಳು ನಾಗವೇಣಿ ನೇಕಾರರಿಗಾಗಿ ಮಾಡುತ್ತಿದ್ದ ಸೀರೆಗಳ ಪುಟವನ್ನೆಲ್ಲ ನಕಲಿಗೆಂದು ಆಯ್ದುಕೊಂಡಿತ್ತು. ಕಿರುಬೆರಳು ಹಳೇ ಅಭ್ಯಾಸದಲ್ಲಿ ನುಗ್ಗಿ ತಪ್ಪು ಗುಂಡಿಯ ಮೇಲೆ ಬಿತ್ತು. ವಾರವಿಡೀ ಮಾಡಿದ್ದು ಅಷ್ಟೂ ಮಾಯ! ಬೆಳ್ಳಗೆ ಬರಿದಾದ ಪುಟ ನೋಡಿ ನಾಗವೇಣಿ "ಅಯ್ಯೋ!" ಎಂದು ಕೂಗಿದಳು. ಕಿರುಬೆರಳು ಗಾಬರಿಯಲ್ಲಿ ಮೂಲೆಯ ಗುಂಡಿಯನ್ನು ಒತ್ತಿತು, ಮತ್ತೆ ಒತ್ತಿತು. ಏನೂ ಬರಲಿಲ್ಲ.

"ಅಣ್ಣಾ, ನನ್ನಿಂದಾಗದು. ನೀನೇ ನೋಡು," ಎಂದು ಹಿಂದೆ ಸರಿಯಿತು.

ಹೆಬ್ಬೆರಳು ತನ್ನ ಗುಂಡಿಯನ್ನು ಹಿಡಿಯಿತು, ತೋರುಬೆರಳು ಜೊತೆಯ ಅಕ್ಷರವನ್ನು ಒತ್ತಿತು. ಹೋದ ಸೀರೆಗಳೆಲ್ಲ ಕೆಂಪು ಸೆರಗಿನ ಸಮೇತ ಇದ್ದ ಜಾಗಕ್ಕೇ ಬಂದು ಕೂತವು.

ಮಡಚಿಕೊಂಡಿದ್ದ ಕಿರುಬೆರಳು ನೆಟ್ಟಗಾಯಿತು. "ಅಬ್ಬಾ! ಹೋದದ್ದು ಹೀಗೂ ತಿರುಗಿ ಬರುತ್ತದೆಯೇ?"

"ಇಷ್ಟು ವರ್ಷ ತರಿಸಿದವನು ನೀನೇ ಅಲ್ಲವೇ?"

"ನಾನೇ ಅಣ್ಣಾ. ಒತ್ತುತ್ತಾ ಇದ್ದವನಿಗೆ ನೋಡಲು ಎಲ್ಲಿ ಬಿಡುವಿತ್ತು? ಇನ್ನೊಮ್ಮೆ ಏನಾದರೂ ಅಳಿಸಿಹೋದರೆ ನನ್ನನ್ನು ಕರೆ, ಪಕ್ಕದಲ್ಲಿ ನಿಂತು ನೋಡುತ್ತೇನೆ."